ಹಗೇವಿನ ತಂಪು

ನಮ್ಮ ಮನೆಯ ಅಂಗಳದಲ್ಲಿ ಒಂದು ಕಡೆ ಹೆಜ್ಜೆಯ ಸದ್ದು ಬದಲಾಗುತ್ತಿತ್ತು. ಬಾಗಿಲಿನಿಂದ ಬೇಲಿಯವರೆಗೆ ಓಡುವಾಗ ಅಲ್ಲಿಗೆ ಬಂದ ಕೂಡಲೇ ಕಾಲಡಿಯಲ್ಲಿ ಧಮ್ ಎನ್ನುತ್ತಿತ್ತು. ಅದು ನಮ್ಮ ಹಗೇವು. ಈಗಿನ ಮಕ್ಕಳಿಗೆ ಹಗೇವು ಎಂದರೆ ಏನೆಂದು ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ರಾಗಿಯ ಕಣಜ ಅದು. ಬಾಯಿ ಒಬ್ಬ ಸಣಕಲು ಮನುಷ್ಯ ತೂರುವಷ್ಟು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಒಳಗೆ ಸುತ್ತಲೂ ಹುಲ್ಲು ಕೊಟ್ಟು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿ ಸಗಣಿ ಸಾರಿಸಿಬಿಟ್ಟರೆ ಆಯಿತು. ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ, ಬೂಷ್ಟು ಹಿಡಿಯುತ್ತಿರಲಿಲ್ಲ, ಕಳ್ಳನ ಕಣ್ಣಿಗೂ ಕಾಣುತ್ತಿರಲಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿ ಬಿಟ್ಟು ಗಾಡಿಜಾಡು ಹಿಡಿದರೆ ನಮ್ಮೂರು. ಆಗ ಅದು ಒಣ ಸೀಮೆ. ಎರಡಾಳು ಆಳ ತೋಡಿದರೂ ನೆಲ ಒಣ, ಅದಕ್ಕೇ ಹಗೇವು ನಡೆಯುತ್ತಿತ್ತು. ಮನೆಯಲ್ಲಿದ್ದವರು ಅಪ್ಪನ ತಾಯಿ ಅಜ್ಜಿ, ಅಪ್ಪ, ಅವ್ವ, ಅಪ್ಪನ ತಮ್ಮ ಚಿಕ್ಕಪ್ಪ, ನಾನು. ಒಂದೇ ಸೂರಿನಡಿ ಅರ್ಧ ಎತ್ತುಗಳಿಗೆ, ಅರ್ಧ ನಮಗೆ. ನಡುಮನೆಯಲ್ಲಿ ಮಲಗಿದರೆ ಎತ್ತು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಆ ಸದ್ದಿಲ್ಲದ ಮನೆಯಲ್ಲಿ ನನಗೆ ಇವತ್ತಿಗೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ.

ಹಗೇವು ತೆಗೆಯುವ ದಿನ ನನಗೆ ಹಬ್ಬ. ಚಪ್ಪಡಿ ಸರಿಸಿದ ಕೂಡಲೇ ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅದನ್ನು ಊರಿನವರು ಕಾವು ಎನ್ನುತ್ತಿದ್ದರು. ಕಾವು ಆರುವ ಮುಂಚೆ ಇಳಿದವನು ಮೇಲೆ ಬರುವುದಿಲ್ಲ ಎನ್ನುವುದು ಹಸುಗೂಸಿಗೂ ಗೊತ್ತಿತ್ತು. ಬೇರೆ ಮನೆಗಳಲ್ಲಿ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ದೀಪ ಬೇಕಿರಲಿಲ್ಲ, ನಮ್ಮಜ್ಜಿಯ ಅಂಗೈ ಇತ್ತು. ಅವಳು ಹಗೇವಿನ ಬಾಯಿಗೆ ಬೋರಲು ಮಲಗಿ, ಬಲಗೈಯನ್ನು ಹೆಗಲವರೆಗೂ ಒಳಗೆ ಇಳಿಬಿಟ್ಟು ಕಣ್ಣು ಮುಚ್ಚುತ್ತಿದ್ದಳು. ಕೈಗೆ ಬಿಸಿ ತಾಕಿದರೆ ಇವತ್ತು ಬೇಡ. ಮಾರನೆಯ ದಿನ ಮತ್ತೆ ಮಲಗುತ್ತಿದ್ದಳು. ಕೈಗೆ ತಣ್ಣಗಾದರೆ ಎದ್ದು ಸೆರಗಿನ ಮಣ್ಣು ಕೊಡವಿ ತೀರ್ಪು ಕೊಡುತ್ತಿದ್ದಳು:

"ತಣ್ಣಗವ್ಳೆ. ಇಳಿ."

ಅವಳ ಬಾಯಲ್ಲಿ ಹಗೇವು ಹೆಂಗಸು. ಅಕ್ಕಪಕ್ಕದವರೂ ದೀಪ ಬಿಟ್ಟು ನಮ್ಮಜ್ಜಿಯನ್ನೇ ಕರೆಯಲು ಬರುತ್ತಿದ್ದರು. ದೀಪಕ್ಕೆ ಎಣ್ಣೆ ಬೇಕು, ನಂಗೆ ಒಂದು ಎಲೆ ಅಡಿಕೆ ಸಾಕು ಎಂದು ಅಜ್ಜಿ ಜಂಬದಿಂದ ಹೋಗುತ್ತಿದ್ದಳು. ಆ ಕೈಯಿಂದಲೇ ಅವಳು ಕಂಡವರ ತಲೆ ಮುಟ್ಟಿ ಹರಸುವುದೂ ಇತ್ತು. ನಮ್ಮ ಕಡೆ ಹರಕೆಯ ಮಾತು ಒಂದೇ, ನಿನ್ನ ಹೊಟ್ಟೆ ತಣ್ಣಗಿರಲಿ.

ಇಳಿಯುವ ಕೆಲಸ ಯಾವಾಗಲೂ ಚಿಕ್ಕಪ್ಪನದು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ, ಮೈಯಲ್ಲಿ ಮೂಳೆ ಬಿಟ್ಟರೆ ಮಾಂಸವಿರಲಿಲ್ಲ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹಗ್ಗ ಹಿಡಿದು ಇಳಿದು ಕಾಲು ರಾಗಿಗೆ ತಾಕಿದ ಕೂಡಲೇ ಒಳಗಿನಿಂದ ಕೂಗುತ್ತಿದ್ದ. ಆ ದನಿ ಅವನದಾಗಿರುತ್ತಿರಲಿಲ್ಲ. ಅಂಗಳವೇ ಬಾಯಿ ಬಿಟ್ಟು ಮಾತಾಡಿದ ಹಾಗೆ ಇರುತ್ತಿತ್ತು.

"ಯಾರಮ್ಮಿ ಅದು ಮ್ಯಾಲೆ?"

"ನಾನ್ ಕಣ್ ಚಿಕ್ಕಪ್ಪ!"

"ನಾನು ಅಂದ್ರೆ ಯಾರು? ಇಲಿಯೋ, ಎಗ್ಗಣವೋ?"

"ಎಗ್ಗಣ!"

"ಅಂಗಾರೆ ನಿಂಗೆ ರಾಗಿ ಇಲ್ಲ, ಓಗು."

ಇಷ್ಟೇ ಆಟ. ಪ್ರತಿ ಸಲ ಇದೇ ಮಾತು, ಪ್ರತಿ ಸಲ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆಮೇಲೆ ರಾಗಿ ತುಂಬಿದ ಮಂಕರಿ ಮೇಲೆ ಬರುತ್ತಿತ್ತು, ಅದರ ಹಿಂದೆ ಇನ್ನೊಂದು.

ನಾಲೆ ಬಂದದ್ದು ನನಗೆ ಬುದ್ಧಿ ತಿಳಿಯುವ ಹೊತ್ತಿಗೆ. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಸುತ್ತ ಹರಿದು ನಮ್ಮ ಕಡೆಗೂ ಕೈಗಾಲುವೆಗಳಲ್ಲಿ ಇಳಿಯಿತು. ಮೊದಲ ನೀರು ಬಂದ ದಿನ ಅಪ್ಪ ಕಾಲುವೆಯಲ್ಲಿ ಮೊಣಕಾಲವರೆಗೆ ನಿಂತು ಅಳುತ್ತಿದ್ದನಂತೆ. ಅಪ್ಪನನ್ನು ದುರಾಸೆಯವನು ಎಂದು ನಾನು ಯಾವತ್ತೂ ಹೇಳಲಾರೆ. ಮುಗಿಲು ನೋಡಿ ನೋಡಿ ಕತ್ತು ನೋಯಿಸಿಕೊಂಡವನ ಕಾಲಿಗೆ ನೀರು ತಾನಾಗಿ ಬಂದು ತಾಕಿದರೆ ಅವನಾದರೂ ಏನು ಮಾಡಿಯಾನು? ನಮಗಿದ್ದದ್ದು ಹಳ್ಳದ ಹೊಲ. ಊರಿನಿಂದ ಮೇಲೆ, ಇಳಿಜಾರಿನಲ್ಲಿತ್ತು. ಅದರ ಪಕ್ಕದಲ್ಲಿ ಹಳ್ಳ ಎರಡು ಸಲ ಸೊಟ್ಟಗೆ ತಿರುಗಿ, ಊರನ್ನು ಬಳಸಿಕೊಂಡು ಶಿಂಷಾ ಹೊಳೆಯ ಕಡೆಗೆ ಹೋಗುತ್ತಿತ್ತು. ಆ ತಿರುವುಗಳ ತುಂಬ ಹೊಂಗೆ ಮರ, ಲಕ್ಕಿ ಗಿಡ, ಕೇದಗೆಯ ಮೆಳೆ. ಮಳೆ ಎಷ್ಟೇ ಹೊಯ್ಯಲಿ, ಮಾರನೆಯ ದಿನ ಬಂದರೆ ಮರಳು ಮಾತ್ರ ಒದ್ದೆ. ಬಂದ ನೀರನ್ನೆಲ್ಲ ಹಳ್ಳ ಹೊತ್ತುಕೊಂಡು ಹೋಗಿಬಿಟ್ಟಿರುತ್ತಿತ್ತು. ಇಳಿಜಾರಿಗೆ ಗದ್ದೆ ಕೂರುವುದಿಲ್ಲ. ಆದ್ದರಿಂದ ಹೊಲವನ್ನು ಮಟ್ಟ ಮಾಡಬೇಕು, ಹಳ್ಳದ ತಿರುವುಗಳನ್ನು ತುಂಬಿ ಅದನ್ನೂ ಗದ್ದೆಗೆ ಸೇರಿಸಿಕೊಳ್ಳಬೇಕು, ಹಳ್ಳಕ್ಕೆ ಬದುವಿನ ಪಕ್ಕ ನೆಟ್ಟಗೆ ಒಂದು ಸಣ್ಣ ಕಾಲುವೆ ಬಿಟ್ಟರೆ ಸಾಕು ಎಂದು ಅಪ್ಪ ತೀರ್ಮಾನಿಸಿದ. ಅವತ್ತು ಊಟಕ್ಕೆ ಕೂತಾಗ ಅಜ್ಜಿಗೂ ಅವನಿಗೂ ಜಗಳ ಹತ್ತಿತು. ಚಿಕ್ಕಪ್ಪ ಮುದ್ದೆ ಮುರಿಯುತ್ತಾ ಇಬ್ಬರ ಮುಖವನ್ನೂ ನೋಡುತ್ತಿದ್ದ.

"ಅಳ್ಳ ಸೊಟ್ಟಗೆ ಅರಿಯೋದು ಅದ್ರ ಇಷ್ಟ ಕಣ್ಲಾ," ಅಂದಳು ಅಜ್ಜಿ. "ಅದ್ನ ನೆಟ್ಟಗೆ ಮಾಡೋ ಉಸಾಬರಿ ನಿಂಗ್ಯಾಕೆ?"

"ನೀರು ಮನೆ ಬಾಗ್ಲಿಗೆ ಬಂದದೆ ಕನವ್ವ," ಅಂದ ಅಪ್ಪ. "ಎಲ್ರೂ ಗದ್ದೆ ಮಾಡ್ತಾವ್ರೆ. ನಾನೊಬ್ಬ ರಾಗಿಕಲ್ಲು ತಬ್ಕೊಂಡು ಕೂತ್ಕೊಳ್ಳಾ?"

"ಒಂದ್ ತುಂಡಾದ್ರೂ ಒಣಭೂಮಿ ಮಡಿಕೊ. ನಾಳೆ ಮುದ್ದೆಗೆ ಏನ್ ಮಾಡೀಯೆ?"

"ಅಬ್ಬಕ್ಕೊಂದ್ಸಲ ಉಣ್ಣೋ ಅನ್ನಾನ ದಿನಾ ಉಣ್ಣು. ಬ್ಯಾಡ ಅಂದೋರ್ಯಾರು?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಹೊಲ ಅಪ್ಪನ ಇಷ್ಟದಂತೆ ಗದ್ದೆಯಾಗಲಿ. ಹಗೇವಿನಲ್ಲಿ ಉಳಿದಿರುವ ಹಳೆಯ ರಾಗಿಯನ್ನು ಮಾತ್ರ ಕೆಟ್ಟ ಕಾಲಕ್ಕೆಂದು ಮುಚ್ಚಿಡಬೇಕು, ಅಜ್ಜಿ ಹೇಳದೆ ಅದರ ಚಪ್ಪಡಿ ಯಾರೂ ಮುಟ್ಟಕೂಡದು.

ಬೇಸಿಗೆಯೆಲ್ಲ ಮಣ್ಣು ಕೆಲಸ ನಡೆಯಿತು. ಹೊಂಗೆ ಮರಗಳು ಬಿದ್ದವು. ಕೇದಗೆಯ ಮೆಳೆಗೆ ಬೆಂಕಿ ಇಟ್ಟರು, ಅದರ ಹಾವುಗಳು ಎಲ್ಲಿಗೆ ಹೋದವೋ. ಎತ್ತುಗಳಿಗೆ ಅಗಲವಾದ ಹಲಗೆ ಕಟ್ಟಿ, ಅದರ ಮೇಲೆ ಚಿಕ್ಕಪ್ಪ ನಿಂತು, ಮೇಲಿನ ಮಣ್ಣನ್ನು ಎಳೆದು ಎಳೆದು ಹಳ್ಳದ ತಿರುವಿಗೆ ಸುರಿದ. ನನ್ನನ್ನೂ ಹಲಗೆಯ ಮೇಲೆ ತೂಕಕ್ಕೆಂದು ಕೂರಿಸಿಕೊಳ್ಳುತ್ತಿದ್ದ. ಅಷ್ಟು ಸುಖ ನನಗೆ ಆಮೇಲೆ ಬಸ್ಸಿನಲ್ಲೂ ಸಿಗಲಿಲ್ಲ, ರೈಲಿನಲ್ಲೂ ಸಿಗಲಿಲ್ಲ. ಮೊದಲ ಭತ್ತ ಕಟಾವಾಗಿ ಮನೆಯಲ್ಲಿ ದಿನವೂ ಅನ್ನ ಬೇಯಲು ಶುರುವಾದಾಗ ಅಜ್ಜಿ ಸ್ವಲ್ಪ ದಿನ ಬಿಗುಮಾನ ಮಾಡಿದಳು. ಆಮೇಲೆ ನನಗೂ ಬಡಿಸು ಎಂದು ಗಂಗಳ ಮುಂದಕ್ಕೆ ತಳ್ಳಿದಳು. ಊರಿಗೆ ಬಂದೋಳು ನೀರಿಗೆ ಬರ್ದೆ ಇದ್ದಾಳಾ ಎಂದು ಚಿಕ್ಕಪ್ಪ ಛೇಡಿಸಿದ. ಮಳವಳ್ಳಿಯ ಆಚೆಗೆ ಇನ್ನೂ ನೀರು ಕಾಣದ ನಂಟರು ಬಂದಾಗ ನಮ್ಮಜ್ಜಿಯೇ ಮುಂದೆ ನಿಂತು ಗದ್ದೆ ತೋರಿಸುತ್ತಿದ್ದಳು. ನಾಟಿಯಾದ ಗದ್ದೆಗೆ ಬೆಳ್ಳೂರಿನ ಕೊಕ್ಕರೆಗಳು ಮೇವಿಗೆ ಇಳಿಯುತ್ತಿದ್ದವು. ನಮ್ಮ ಹೊಲಕ್ಕೆ ಕೊಕ್ಕರೆ ಬಂದದ್ದು ಯಾರೂ ಕಂಡಿರಲಿಲ್ಲ. ಅವು ಒಂಟಿ ಕಾಲಲ್ಲಿ ನಿಲ್ಲುವುದನ್ನು ಚಿಕ್ಕಪ್ಪ ಬದುವಿನ ಮೇಲೆ ಮಾಡಿ ತೋರಿಸಿ ಕೆಸರಿಗೆ ಬೀಳುತ್ತಿದ್ದ.

ಮನೆ ತಂಪಾಗತೊಡಗಿತು. ತಂಪು ಎನ್ನುವುದು ನಮ್ಮ ಸೀಮೆಯಲ್ಲಿ ಒಳ್ಳೆಯ ಮಾತು, ಅದರಲ್ಲಿ ಕೆಡುಕು ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಬೇಸಿಗೆಯಲ್ಲೂ ನಡುಮನೆಯ ನೆಲ ತಣ್ಣಗೆ ಇರುತ್ತಿತ್ತು, ಅಪ್ಪ ಬರಿಮೈಯಲ್ಲಿ ಮಲಗಿ ಹೊರಳಾಡುತ್ತಿದ್ದ. ಬಾವಿಯ ನೀರು ಮೇಲೆ ಬಂದು ಹಗ್ಗ ಅರ್ಧ ಸಾಕಾಯಿತು. ಭೂಮ್ತಾಯಿ ಹೊಟ್ಟೆ ತಣ್ಣಗಾಯಿತು ಎಂದು ಅಜ್ಜಿ ಬಾವಿಗೆ ಅರಿಸಿನ ಕುಂಕುಮ ಇಟ್ಟಳು. ಆಮೇಲೆ ಗೋಡೆಯ ಬುಡದಲ್ಲಿ ಸುಣ್ಣ ಉದುರಿತು. ಸಾರಿಸಿದ ನೆಲ ಸಂಜೆಯಾದರೂ ಆರಲಿಲ್ಲ. ಚಾಪೆಯ ಅಡಿಯಲ್ಲಿ ಬಿಳಿ ಬೂಷ್ಟು, ಒಲೆಯ ಹಿಂದೆ ಕಪ್ಪೆ. ಹಳ್ಳ ಮೊದಲು ಹೊತ್ತುಕೊಂಡು ಹೋಗುತ್ತಿದ್ದ ನೀರು ಈಗ ಗದ್ದೆಯಲ್ಲೇ ನಿಂತು, ನೆಲದೊಳಗೆ ಇಳಿದು, ಇಳಿಜಾರು ಹಿಡಿದು ನಮ್ಮ ಮನೆಯ ಕೆಳಗೆ ಬರುತ್ತಿತ್ತು. ಇದನ್ನು ನಾನು ಈಗ ಹೇಳುತ್ತಿದ್ದೇನೆ, ಆಗ ಯಾರೂ ಹೇಳಲಿಲ್ಲ. ಹಗೇವಿನ ನೆನಪಂತೂ ಯಾರಿಗೂ ಬರಲಿಲ್ಲ. ಅದು ಅಂಗಳದ ಎತ್ತರದ ಕಡೆಗಿತ್ತು, ಮೇಲಿನ ಸಗಣಿ ಒಣಗಿಯೇ ಇತ್ತು. ನನ್ನ ಕಾಲಿಗೆ ಅದರ ಧಮ್ ಸದ್ದು ಮಂಕಾದ ಹಾಗೆ ಒಂದು ನೆನಪು, ಅದು ನಿಜವೋ ನಾನು ಆಮೇಲೆ ಹುಟ್ಟಿಸಿಕೊಂಡದ್ದೋ ಹೇಳಲಾರೆ.

ತಂಪಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ದಿನ ಬಿಟ್ಟು ದಿನ, ಹೊತ್ತು ತಪ್ಪದೆ ಬರುವ ನಂಟನ ಹಾಗೆ. ಊರಿನಲ್ಲಿ ನಡುಗದ ಮನೆ ಇರಲಿಲ್ಲ. ಎದುರು ಸಾಲಿನಲ್ಲಿ ಕೂಸುಗಳು ಸತ್ತವು. ಮೊದಲ ಕೂಸಿಗೆ ಊರೆಲ್ಲ ಅತ್ತಿತು, ಆಮೇಲಿನವಕ್ಕೆ ಅಳುವ ತ್ರಾಣ ಇರಲಿಲ್ಲ. ಮಂಡ್ಯದಿಂದ ಬಂದ ಆಸ್ಪತ್ರೆಯವರು ಕಹಿ ಮಾತ್ರೆ ಹಂಚಿದರು. ಅರ್ಧ ಜನ ನುಂಗಿದರು, ಅರ್ಧ ಜನ ಎಸೆದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಂದು ಹೋಯಿತು, ಅವ್ವನಿಗೆ ಮಾತ್ರ ಬಿಡಲಿಲ್ಲ. ಹೊಟ್ಟೆಯ ಎಡಗಡೆ ಜ್ವರಗಡ್ಡೆ ಬೆಳೆದು ಕೈಗೆ ಸಿಗುತ್ತಿತ್ತು. ಅನ್ನ ಕೊಟ್ಟರೆ ವಾಂತಿ, ಗಂಜಿ ಕೊಟ್ಟರೂ ವಾಂತಿ. ಕಂಬಳಿಯ ಒಳಗಿನಿಂದ ಅವಳು ಕೇಳುತ್ತಿದ್ದದ್ದು ಒಂದೇ:

"ಒಸಿ ರಾಗಿ ಗಂಜಿ ಕೊಡಿ. ಉಳ್ಕೊತೀನಿ."

ಊರಿನಲ್ಲಿ ಯಾರ ಮನೆಯಲ್ಲೂ ರಾಗಿ ಇರಲಿಲ್ಲ, ಇದ್ದವರು ಹೇಳಲಿಲ್ಲ. ಕೆಟ್ಟ ಕಾಲ ಅಂದರೆ ಇದಕ್ಕಿಂತ ಇನ್ನೇನು ಬರಬೇಕು ಎಂದಳು ಅಜ್ಜಿ. ಹಗೇವು ತೆಗೆಯಲು ಹೇಳಿದಳು.

ಬೆಳಿಗ್ಗೆಯ ಹೊತ್ತು. ಅಪ್ಪ ಗದ್ದೆಗೆ ನೀರು ಕಟ್ಟಲು ಹೋಗಿದ್ದ. ಚಿಕ್ಕಪ್ಪ ಹಾರೆಯಿಂದ ಮಣ್ಣು ಕೆತ್ತಿ ಚಪ್ಪಡಿ ಸರಿಸಿದ. ನಾನು ಮುಖ ಮುಂದೆ ಚಾಚಿ ಬಿಸಿ ಗಾಳಿಗೆ ಕಾದೆ. ಬರಲಿಲ್ಲ.

"ಉಳಿ ವಾಸ್ನೆ ಬತ್ತಾ ಅದೆ ಕನವ್ವ," ಅಂದ ಚಿಕ್ಕಪ್ಪ.

"ಊರೇ ಗದ್ದೆ ಕೆಸ್ರು ನಾರ್ತಾ ಅದೆ, ಅದೇ ಕಣ್ಲಾ," ಅಂದಳು ಅಜ್ಜಿ.

ಅವಳು ಬೋರಲು ಮಲಗಿ ಕೈ ಇಳಿಬಿಟ್ಟಳು, ಕಣ್ಣು ಮುಚ್ಚಿದಳು. ಎಂದಿನಷ್ಟು ಹೊತ್ತೂ ಬೇಕಾಗಲಿಲ್ಲ. ಎದ್ದಾಗ ಅವಳ ಮುಖದಲ್ಲಿ ನಗುವಿತ್ತು. ಮನೆಗೆ ಜ್ವರ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ನೋಡ್ದಾ, ಕಾಯಿಸ್ಲೇ ಇಲ್ಲ ತಾಯಿ. ಆಗ್ಲೇ ತಣ್ಣಗವ್ಳೆ. ಇಳಿ ಮಗ."

ಒಣ ನೆಲದಲ್ಲಿ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ. ಕೊಲ್ಲುವ ಗಾಳಿ ಬಿಸಿಯಾಗಿರುತ್ತದೆ ಎಂದು ಅವಳ ಕೈ ಕಲಿತಿತ್ತು. ನೆಲವೇ ನೆಂದು ತಣ್ಣಗಾದರೆ ಆ ಗಾಳಿಯೂ ತಣ್ಣಗಿರಬಹುದೆಂದು ಅದಕ್ಕೆ ಹೇಳಿಕೊಟ್ಟವರಿರಲಿಲ್ಲ.

ಚಿಕ್ಕಪ್ಪ ನನ್ನ ಕಡೆ ಹುಬ್ಬು ಹಾರಿಸಿ ಹಗ್ಗ ಹಿಡಿದು ಇಳಿದ. ತಲೆ ಮರೆಯಾಯಿತು. ನಾನು ಕೂಗಿಗೆ ಕಾದೆ. ಹಗ್ಗ ಒಮ್ಮೆ ಜಗ್ಗಿತು, ಆಮೇಲೆ ಸಡಿಲವಾಯಿತು. ಅವನು ಆಟ ಆಡುತ್ತಿದ್ದಾನೆ, ಈ ಸಲ ನನ್ನಿಂದಲೇ ಮೊದಲು ಹೇಳಿಸುತ್ತಾನೆ ಎಂದುಕೊಂಡು ನಾನೇ ಬಗ್ಗಿ ಕೂಗಿದೆ.

"ನಾನ್ ಕಣ್ ಚಿಕ್ಕಪ್ಪ! ಎಗ್ಗಣ!"

ಅಜ್ಜಿಯೂ ಅವನ ಹೆಸರು ಹಿಡಿದು ಕೂಗಿದಳು. ಮತ್ತೆ ಕೂಗಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ತಾನೇ ಹಗೇವಿಗೆ ಕಾಲಿಟ್ಟಳು. ಪಕ್ಕದ ಮನೆಯ ಸಿದ್ದಪ್ಪ ಓಡಿ ಬಂದು ಅವಳ ರಟ್ಟೆ ಹಿಡಿದು ಎಳೆದು ಹಾಕಿದ. ಅವನು ದೀಪ ಕಟ್ಟಿ ಇಳಿಬಿಟ್ಟ. ಬಾಯಿ ದಾಟಿದ ಕೂಡಲೇ ಆರಿತು. ಹಚ್ಚಿ ಮತ್ತೆ ಬಿಟ್ಟ. ಮತ್ತೆ ಆರಿತು. ಅಷ್ಟು ಹೊತ್ತಿಗೆ ಜನ ಸೇರಿದ್ದರು. ಯಾರೋ ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿ ತಂದರು, ಅದರ ಕೊಕ್ಕೆಗಳನ್ನು ಹಗ್ಗದಲ್ಲಿ ಬಿಟ್ಟು ಚಿಕ್ಕಪ್ಪನನ್ನು ಮೇಲೆತ್ತಿದರು. ಅವನ ಮೈತುಂಬ ರಾಗಿ ಮೆತ್ತಿಕೊಂಡಿತ್ತು. ಒದ್ದೆ ರಾಗಿ, ಕಪ್ಪಗೆ, ಹಳಸಿದ ಅಂಬಲಿಯ ವಾಸನೆ. ಕಿವಿಯಲ್ಲಿ, ರೆಪ್ಪೆಯಲ್ಲಿ, ಅರ್ಧ ತೆರೆದ ಬಾಯಲ್ಲಿ. ಅವನನ್ನು ಅಂಗಳದಲ್ಲಿ ಮಲಗಿಸುತ್ತಿದ್ದಾಗ ಮನೆಯೊಳಗಿನಿಂದ ಅವ್ವನ ದನಿ ಬಂತು.

"ರಾಗಿ ಸಿಕ್ತಾ?"

ಅವಳು ಇನ್ನೊಮ್ಮೆ ಕೇಳಿದಳು.

ಅಪ್ಪ ಮೊಣಕಾಲವರೆಗೆ ಕೆಸರು ಮಾಡಿಕೊಂಡೇ ಬಂದ. ತಮ್ಮನನ್ನು ನೋಡಿದ, ಹಗೇವಿನ ಬಾಯಿ ನೋಡಿದ, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಚಿಕ್ಕಪ್ಪನ ಎದೆಗೆ ಮೆತ್ತಿದ್ದ ರಾಗಿಯನ್ನು ಬೆರಳಲ್ಲಿ ಹಿಸುಕಿದ.

"ಇಲ್ಲಿಗೆ ಎಂಗ್ಲಾ ಬಂತು ನೀರು?"

ಅದನ್ನು ಅವನು ತಮ್ಮನನ್ನೇ ಕೇಳಿದ. ಅಜ್ಜಿ ಗೋಡೆಗೆ ಒರಗಿ ತನ್ನ ಬಲಗೈಯನ್ನು ನೋಡುತ್ತಾ ಕೂತಿದ್ದಳು.

ನಾನು ಅಳಲಿಲ್ಲ. ಅಪ್ಪನೂ ಅತ್ತದ್ದು ನಾನು ಕಾಣಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಅದು ನಮ್ಮದಲ್ಲದ ಹಾಗೆ ಇರುತ್ತದಲ್ಲ, ಮನೆಗೆ ಮನೆಯೇ ಹಾಗಾಯಿತು. ಊಟಕ್ಕೆ ಕೂತರೆ ಚಿಕ್ಕಪ್ಪನ ಗಂಗಳ ಗೋಡೆಗೆ ಒರಗಿಕೊಂಡೇ ಇರುತ್ತಿತ್ತು. ಅದನ್ನು ಯಾರೂ ಒಳಗಿಡಲಿಲ್ಲ, ಯಾರೂ ಬಳಸಲಿಲ್ಲ. ಅಪ್ಪ ಗದ್ದೆಯಿಂದ ಮಣ್ಣು ಹೊತ್ತು ತಂದು ಹಗೇವು ಮುಚ್ಚಿದ. ಪ್ರತಿ ಮಳೆಗಾಲಕ್ಕೂ ಅದು ಕುಸಿಯುತ್ತಿತ್ತು, ಅವನು ಮತ್ತೆ ಮಣ್ಣು ತರುತ್ತಿದ್ದ. ಅಪ್ಪ ಹಳ್ಳದ ಮಾತೆತ್ತಲಿಲ್ಲ, ಅಜ್ಜಿ ಕೈಯ ಮಾತೆತ್ತಲಿಲ್ಲ. ನೀನು ಮಾಡಿದ್ದು ಎಂದು ಒಬ್ಬರಿಗೊಬ್ಬರು ಬೈದಾಡಿದ್ದರೆ ಮನೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಗದ್ದೆ ಹಾಗೇ ನಡೆಯಿತು, ಕೊಕ್ಕರೆಗಳು ಹಾಗೇ ಬಂದವು. ಬದುವಿನ ಮೇಲೆ ಕೂತು ಅವನ್ನು ನೋಡುತ್ತಿದ್ದೆ, ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇನ್ನೊಂದು ಹೇಳಬೇಕು. ಅವ್ವ ಉಳಿದಳು. ರಾಗಿಯಿಂದಲ್ಲ, ಆ ಕಹಿ ಮಾತ್ರೆಯಿಂದಲೋ, ಋತು ಬದಲಾದದ್ದರಿಂದಲೋ, ಮೆಲ್ಲನೆ ಜ್ವರ ಬಿಟ್ಟಿತು. ನಮ್ಮ ಗದ್ದೆಯ ಅನ್ನವನ್ನೇ ಉಂಡು ಚೇತರಿಸಿಕೊಂಡಳು. ಒಂದು ತುತ್ತು ಬಾಯಿಗಿಟ್ಟು ಅಗಿಯದೆ ಎಷ್ಟೋ ಹೊತ್ತು ಹಾಗೇ ಕೂತಿರುತ್ತಿದ್ದಳು.

ಅಜ್ಜಿ ಆ ಬಲಗೈಯಿಂದ ಉಂಡಳು, ಬಾಚಿದಳು, ಸಗಣಿ ತಟ್ಟಿದಳು. ಯಾರ ತಲೆಯನ್ನೂ ಮುಟ್ಟಲಿಲ್ಲ. ಹಬ್ಬದಲ್ಲಿ ನಾವು ಕಾಲಿಗೆ ಬಿದ್ದರೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಏಳು ಏಳು ಎನ್ನುತ್ತಿದ್ದಳು. ನಾಲೆಯ ನೀರು ತಲುಪದ ಆಚೆ ದಿಣ್ಣೆಯ ಊರಿನವನೊಬ್ಬ ವಿಷಯ ಗೊತ್ತಿದ್ದೂ ಹಳೆಯ ರೂಢಿಯಿಂದ ಹಗೇವು ನೋಡಲು ಕರೆಯಲು ಬಂದಿದ್ದ. ಅಜ್ಜಿ ಅವನ ಮುಖ ನೋಡಲಿಲ್ಲ.

"ದೀಪ ಬುಡ್ರಪ್ಪ. ನಂಗೇನ್ ಗೊತ್ತಾದದು."

ವರ್ಷಗಳಾದ ಮೇಲೆ ಮಳವಳ್ಳಿಯ ಮೇಷ್ಟ್ರೊಬ್ಬರಿಗೆ ನನ್ನನ್ನು ಕೊಟ್ಟರು. ಗಂಡನ ಮನೆಗೆ ಹೊರಡುವ ದಿನ ಅಂಗಳದಲ್ಲಿ ಗಾಡಿ ನಿಂತಿತ್ತು. ಮುಚ್ಚಿದ ಹಗೇವಿನ ಜಾಗವನ್ನು ಎಲ್ಲರೂ ಬಳಸಿಕೊಂಡೇ ಓಡಾಡುತ್ತಿದ್ದರು. ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು. ನಾನು ಕಾಲಿಗೆ ಬಿದ್ದೆ. ಸುತ್ತಲಿನ ಹೆಂಗಸರು ಹರಸಮ್ಮ, ಮೊಮ್ಮಗಳು ಹೋಗುತ್ತಿದ್ದಾಳೆ ಎಂದು ಒತ್ತಾಯಿಸಿದರು. ಅಜ್ಜಿ ಸೆರಗಿನಿಂದ ಬಲಗೈ ಬಿಡಿಸಿಕೊಂಡಳು. ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ನನ್ನ ನೆತ್ತಿಯ ಮೇಲೆ ಇಳಿಯಿತು.

"ಬೆಚ್ಚಗಿರವ್ವ," ಅಂದಳು.

ಹೆಂಗಸರು ಕಿಸಕ್ಕನೆ ನಕ್ಕರು. ಮುದುಕಿಗೆ ಅರಳುಮರಳು, ತಣ್ಣಗಿರು ಅನ್ನೋದಕ್ಕೆ ಬೆಚ್ಚಗಿರು ಅಂತಾಳೆ ಎಂದರು. ಅಪ್ಪ ನಗಲಿಲ್ಲ. ಅವನು ಗಾಡಿಯ ಆ ಬದಿಗೆ ಹೋಗಿ ಎತ್ತಿನ ಕೊರಳಿಗೆ ತಲೆಯಿಟ್ಟು ನಿಂತುಬಿಟ್ಟ. ನಾನು ನೆಲಕ್ಕೆ ಹಣೆ ಹಚ್ಚಿಕೊಂಡೇ ಇದ್ದೆ. ಆ ಕೈ ಬೆಚ್ಚಗಿತ್ತು. ಅಷ್ಟು ವರ್ಷಗಳ ಮೇಲೆ ನನಗೆ ಅವತ್ತು ಅಳು ಬಂತು.